ಪರೋಕ್ಷವಿನಯ: ಗತಿಸಿದ ವಿದ್ವಾಂಸರಿಗೆ ಸಲ್ಲತಕ್ಕ ಗೌರವದ ವಿಚಾರ

೧

ವಿದ್ವತ್ಸಭೆಗಳಲ್ಲಿ ಹಿರಿಯ ಸದಸ್ಯರೊಬ್ಬರು ದಿವಂಗತರಾದಾಗ ಸಂತಾಪಸೂಚಕ ನಿರ್ಣಯವನ್ನು ಅಂಗೀಕರಿಸುವುದೂ, ಕ್ಷಣಕಾಲ ಮೌನವಾಗಿ ನಿಲ್ಲುವುದೂ, ಭಾವಚಿತ್ರವನ್ನು ಗೋಡೆಯ ಮೇಲೆ ಇರಿಸುವುದೂ, ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಒಂದೆರಡು ಪುಟಗಳ ಪ್ರಶಂಸೆಯನ್ನು ಅಚ್ಚು ಮಾಡಿಸುವುದೂ ರೂಢಿಯಾಗಿರುವುದು. ಈ ಉಪಚಾರಗಳೆಲ್ಲವೂ ಉಚಿತವಾದುವೇ. ಆದರೆ ಪ್ರಾಚೀನ ವಸ್ತುಗಳ ರಕ್ಷಣೆಗಾಗಿ, ಹಳೆಯ ಗ್ರಂಥಗಳ ಉದ್ಧಾರಕ್ಕಾಗಿ ಏರ್ಪಟ್ಟ ಸಂಸ್ಥೆಯು ತನ್ನವರನ್ನೇ ಕುರಿತು ಇಷ್ಟಕ್ಕೇ ತೃಪ್ತವಾಗಬಹುದೇ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ. ಸಾವಿರ ವರ್ಷಗಳ ಹಿಂದೆ ಗತಿಸಿದವನೊಬ್ಬನ ಹೆಸರಿನ ಅಳಿದುಳಿದ ಅಕ್ಷರಗಳನ್ನು ಕೂಡಿಸಿ ಓದುವುದಕ್ಕೆ ಜೀವಮಾನವನ್ನೇ ಸವೆಸಿದವರು ತಾವೇ ಗತಿಸಿದ ಮೇಲೆ, ಅವರ ಕೈಬರಹದ ಪ್ರತಿಗಳು ಗೆದ್ದಲಿನ ಪಾಲಾಗುವುದೂ, ಅವರ ನಿರ್ಣಯಗಳು ಪರೀಕ್ಷೆಗೆ ಒಳಗಾಗದೆ ಬರಿಯ ಹೆಸರಾಗಿ ಉಳಿಯುವುದೂ ಉಂಟು. ಇದು ಗೌರವವಲ್ಲ, ಗೌರವದ ವೇಷವನ್ನು ತೊಟ್ಟ ಮರೆವು.

ಗತಿಸಿದ ಹಿರಿಯರಿಗೆ ಸಲ್ಲಿಸುವ ಮರ್ಯಾದೆಗೆ ಕನ್ನಡನಾಡಿನ ಶಾಸನಗಳಲ್ಲಿ ಒಂದು ಸೊಗಸಾದ ಹೆಸರುಂಟು: ‘ಪರೋಕ್ಷವಿನಯ’. ಈ ಮಾತಿನ ಅರ್ಥವನ್ನೂ, ಅದರ ಹಿಂದಿರುವ ಆಚಾರವನ್ನೂ ನಿರೂಪಿಸಿ, ಅದೇ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದ ಮಹಾವಿದ್ವಾಂಸರಾದ ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರ (೧೮೬೦–೧೯೩೬) ಉದಾಹರಣೆಯ ಮೂಲಕ, ವಿದ್ವಾಂಸನಾದವನಿಗೆ ಪರೋಕ್ಷವಿನಯವೆಂದರೆ ಏನೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

೨

‘ಅಕ್ಷ’ ಎಂದರೆ ಇಂದ್ರಿಯ, ವಿಶೇಷವಾಗಿ ಕಣ್ಣು. ಕಣ್ಣಿಗೆ ಎದುರಾಗಿರುವುದು ಪ್ರತ್ಯಕ್ಷ. ಕಣ್ಣಿನ ಆಚೆಗಿರುವುದು ಪರೋಕ್ಷ. ವ್ಯಾಕರಣದಲ್ಲಿ ಮಾತಾಡುವವನು ತಾನು ಕಾಣದ ಭೂತಕಾಲದ ಕ್ರಿಯೆಯನ್ನು ಹೇಳುವಾಗ ಬಳಸುವ ಲಿಟ್ ಲಕಾರಕ್ಕೆ ಈ ಪರೋಕ್ಷತ್ವವೇ ನಿಮಿತ್ತವೆಂಬುದು ಸಂಸ್ಕೃತವನ್ನು ಬಲ್ಲವರಿಗೆಲ್ಲ ವಿದಿತವಾದುದು. ‘ವಿನಯ’ ಎಂಬ ಮಾತಿಗೆ ಇಂದು ನಮ್ರತೆಯೆಂಬ ಅರ್ಥವೇ ಮುಂದಾಗಿ ತೋರುವುದಾದರೂ, ‘ವಿ’ಪೂರ್ವಕವಾದ ‘ನೀ’ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಶಿಕ್ಷಣ, ಶಿಸ್ತು, ನಿಯಮಬದ್ಧವಾದ ನಡತೆ ಎಂಬ ಅರ್ಥಗಳು ಪ್ರಾಚೀನವಾದುವು. ಜೈನಶಾಸ್ತ್ರದಲ್ಲಿ ವಿನಯವು ಆಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಆದುದರಿಂದ ಪರೋಕ್ಷವಿನಯವೆಂದರೆ ಎದುರಿಗಿಲ್ಲದವರ ವಿಷಯದಲ್ಲಿ ಶಿಷ್ಯನಾದವನು ನಡೆಯತಕ್ಕ ಕ್ರಮವೆಂದು ಅರ್ಥವಾಗುವುದು.

ಎದುರಿಗಿರುವ ಗುರುವಿಗೆ ತಲೆಬಾಗುವುದರಲ್ಲಿ ಭಯವಿರಬಹುದು, ಪ್ರಯೋಜನದ ಆಸೆಯಿರಬಹುದು. ಕಣ್ಮರೆಯಾದವರಿಂದ ಭಯವೂ ಇಲ್ಲ, ಪ್ರತಿಫಲವೂ ಇಲ್ಲ. ಅಲ್ಲಿಯೂ ತಪ್ಪದೆ ನಡೆಯುವ ವಿನಯವೇ ನಿಜವಾದ ವಿನಯ. ಈ ಅಭಿಪ್ರಾಯವು ಶಬ್ದದಲ್ಲಿಯೇ ಅಡಗಿರುವುದು.

೩

ಶ್ರವಣಬೆಳ್ಗೊಳದ ಚಿಕ್ಕಬೆಟ್ಟವಾದ ಚಂದ್ರಗಿರಿಯ ಮೇಲೆ ಕ್ರಿ. ಶ. ಸುಮಾರು ೬೦೦ರಿಂದ ಮೊದಲ್ಗೊಂಡು ಅನೇಕ ಶತಮಾನಗಳ ವರೆಗೆ ಕೆತ್ತಿದ ನಿಸಿಧಿ ಶಾಸನಗಳು ಹೇರಳವಾಗಿವೆ. ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಯತಿಗಳ, ಶ್ರಾವಕರ, ಅರಸರ, ಅರಸಿಯರ ನೆನಪಿಗಾಗಿ ನಿಲ್ಲಿಸಿದ ಕಲ್ಲು ಅಥವಾ ಮಂಟಪವು ನಿಸಿಧಿ; ನಿಸಿದಿಗೆ, ನಿಷಿಧಿಗೆ ಎಂಬ ರೂಪಗಳೂ ಕಾಣುತ್ತವೆ. ಅತಿ ಪ್ರಾಚೀನವಾದುವು ಬಂಡೆಯ ಮೇಲೆ ಒಂದೆರಡು ಸಾಲುಗಳಲ್ಲಿ ಮುಗಿಯುವುವು: ಇಂಥವರು ಇಂಥ ರೀತಿಯಲ್ಲಿ ಮುಡಿಪಿದರು, ಅಷ್ಟೇ. ನಂದಿಸೇನ ಮುನಿಯ ಶಾಸನದಂತೆ ಕೆಲವು ಮಾತ್ರ ಒಂದೇ ಪದ್ಯವಾಗಿದ್ದರೂ, ಕನ್ನಡ ಕಾವ್ಯದ ಆದಿಯನ್ನು ಹುಡುಕುವವರು ಅವುಗಳ ಮುಂದೆ ನಿಲ್ಲದೆ ಮುಂದೆ ಹೋಗುವಂತಿಲ್ಲ.

ಹೊಯ್ಸಳರ ಕಾಲದಲ್ಲಿ ಈ ಶಾಸನಗಳು ವಿಸ್ತಾರವಾದುವು. ಕ್ರಿ. ಶ. ೧೧೧೫ರಲ್ಲಿ ಗತಿಸಿದ ಮೇಘಚಂದ್ರ ತ್ರೈವಿದ್ಯದೇವರ ನಿಸಿಧಿಯನ್ನೂ, ೧೧೨೩ರಲ್ಲಿ ಗತಿಸಿದ ಶುಭಚಂದ್ರ ಸಿದ್ಧಾಂತದೇವರ ನಿಸಿಧಿಯನ್ನೂ ಕುರಿತ ಶಾಸನಗಳಲ್ಲಿ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಹೆಸರು ಸೇರಿದೆ. ಇಂಥ ಶಾಸನಗಳ ಅಂಗಗಳನ್ನು ವಿಂಗಡಿಸಿ ನೋಡಿದರೆ ಒಂದು ನಿಯತವಾದ ಕ್ರಮವು ತೋರುವುದು. ಮೊದಲು ಗತಿಸಿದವರ ಗುರುಪರಂಪರೆ. ಆಮೇಲೆ ಅವರು ಪಾರಂಗತರಾಗಿದ್ದ ಶಾಸ್ತ್ರಗಳು. ಬಳಿಕ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳ ಸಹಿತ ಮರಣಕಾಲ. ನಿಸಿಧಿಯನ್ನು ಮಾಡಿಸಿದವರ ಹೆಸರು. ಹಲವು ಕಡೆ ಪದ್ಯಗಳನ್ನು ರಚಿಸಿದವನ ಮತ್ತು ಕಲ್ಲಿನಲ್ಲಿ ಕಂಡರಿಸಿದವನ ಹೆಸರು. ಪ್ರಶಂಸೆಯೂ ಇದೆ, ಅತಿಶಯೋಕ್ತಿಯೂ ಇದೆ. ಆದರೆ ಪ್ರಶಂಸೆಯು ಎಷ್ಟೇ ಹಬ್ಬಿದರೂ ಕಾಲ, ಪರಂಪರೆ, ವಿದ್ಯೆ ಎಂಬ ಮೂರು ಸಂಗತಿಗಳನ್ನು ಶಾಸನಕವಿಯು ಬಿಡುವುದಿಲ್ಲ. ಇಂದಿನ ಸಂಸ್ಮರಣ ಲೇಖನಗಳಲ್ಲಿ ಅನೇಕವು ಗುಣಗಳನ್ನು ಮಾತ್ರ ಹೇಳಿ, ಹುಟ್ಟಿದ ವರ್ಷವನ್ನೂ, ಓದಿದ ಗುರುಗಳ ಹೆಸರನ್ನೂ, ಬರೆದ ಗ್ರಂಥಗಳ ಪಟ್ಟಿಯನ್ನೂ ಬಿಟ್ಟುಬಿಡುವುದನ್ನು ಇದರೊಡನೆ ಹೋಲಿಸಿ ನೋಡತಕ್ಕದ್ದು.

ಇವುಗಳಲ್ಲೆಲ್ಲ ಸುಪ್ರಸಿದ್ಧವಾದುದು ಮಲ್ಲಿಷೇಣ ಪ್ರಶಸ್ತಿ. ಕ್ರಿ. ಶ. ೧೧೨೯ರಲ್ಲಿ ಸಮಾಧಿಯನ್ನು ಪಡೆದ ಮಲ್ಲಿಷೇಣ ಮಲಧಾರಿದೇವರ ನೆನಪಿಗಾಗಿ ಮಲ್ಲಿನಾಥನೆಂಬವನು ಬರೆದ ಈ ಶಾಸನವು ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿದೆ. ಇದರ ಬಹುಭಾಗವು ಮಲ್ಲಿಷೇಣರನ್ನು ಕುರಿತದ್ದಲ್ಲ. ಅವರಿಗೆ ಹಿಂದೆ ಆಗಿಹೋದ ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರನ್ನು ಕುರಿತದ್ದು. ಒಬ್ಬರನ್ನು ಸ್ಮರಿಸುವ ನಿಮಿತ್ತದಿಂದ ಒಂದು ವಿದ್ಯಾಪರಂಪರೆಯನ್ನೇ ಸ್ಮರಿಸಿದ್ದಾನೆ ಕವಿ. ಶ್ರೀವರ್ಧದೇವನು ಚೂಡಾಮಣಿಯೆಂಬ ಕಾವ್ಯವನ್ನು ಬರೆದನೆಂದೂ ದಂಡಿಯು ಅವನನ್ನು ಹೊಗಳಿದನೆಂದೂ ಹೇಳುವ ಆಧಾರವು ಈ ಪ್ರಶಸ್ತಿಯೇ. ಭಟ್ಟಾಕಳಂಕನು ತನ್ನ ಶಬ್ದಾನುಶಾಸನದಲ್ಲಿ (೧೬೦೪) ಹೇಳುವ ಕನ್ನಡ ಚೂಡಾಮಣಿಯೂ ಇದೂ ಒಂದೇ, ಬೇರೆಯೇ ಎಂಬ ಚರ್ಚೆಯು ಪಂಡಿತರಲ್ಲಿ ಬಹುಕಾಲ ನಡೆಯಿತು. ಮರಣಶಾಸನವೊಂದು ಏಳೆಂಟು ಶತಮಾನಗಳ ಮೇಲೆ ಸಾಹಿತ್ಯಚರಿತ್ರೆಗೆ ಆಕರವಾಯಿತು. ಗತಿಸಿದವರ ವಿಷಯದಲ್ಲಿ ಬರೆಯುವವನು ಮುಂದೆ ಹುಟ್ಟಲಿರುವ ಓದುಗನಿಗಾಗಿಯೂ ಬರೆಯುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

೪

ಪರೋಕ್ಷವಿನಯದ ಮತ್ತೊಂದು ಮುಖವನ್ನು ಆತಕೂರಿನ ಶಾಸನದಲ್ಲಿ ಕಾಣಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ದೊರೆತು, ತರುವಾಯ ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ಈ ಕಲ್ಲು ಕ್ರಿ. ಶ. ೯೪೯–೫೦ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನ ಕಡೆಯ ಮಣಲೇರನು ಶೌರ್ಯವನ್ನು ತೋರಿ, ಒಡೆಯನಿಂದ ಕಾಳಿಯೆಂಬ ನಾಯನ್ನು ಮೆಚ್ಚುಗೊಡುಗೆಯಾಗಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತುಹೋದಾಗ ಮಣಲೇರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ನಾಯಿಗೂ ವೀರಗಲ್ಲೆಂಬ ಕೌತುಕಕ್ಕಾಗಿ ಈ ಶಾಸನವು ಪಾಠಶಾಲೆಗಳಲ್ಲಿಯೂ ಪ್ರಸಿದ್ಧವಾಗಿದೆ. ಆದರೆ ಪ್ರಕೃತಕ್ಕೆ ಬೇಕಾದುದು ಅದರ ಕೊನೆಯ ಭಾಗ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆಮಾಡದೆ ಉಂಡನಾದರೆ ಅವನಿಗೆ ಪಾಪವು ತಟ್ಟುವುದೆಂದು ಶಾಸನವು ಕಟ್ಟು ಮಾಡಿದೆ.

ಕಲ್ಲನ್ನು ನಿಲ್ಲಿಸಿದ ಮಾತ್ರಕ್ಕೆ ಸ್ಮರಣೆಯು ಉಳಿಯುವುದಿಲ್ಲವೆಂಬುದನ್ನು ಹತ್ತನೆಯ ಶತಮಾನದ ಆ ಯೋಧನು ತಿಳಿದಿದ್ದನು. ದಿನದಿನವೂ ಮಾಡಬೇಕಾದ ಕೆಲಸ, ಅದನ್ನು ಮಾಡತಕ್ಕ ಒಬ್ಬ ಮನುಷ್ಯ, ಅವನ ಜೀವನಕ್ಕೆ ಭೂಮಿ, ತಪ್ಪಿದರೆ ದೋಷ: ಈ ನಾಲ್ಕನ್ನೂ ಅವನು ಏರ್ಪಡಿಸಿದನು. ಒಂದು ದಿನದ ಸಭೆಯಲ್ಲಿ ಮುಗಿದುಹೋಗುವ ಗೌರವಕ್ಕೂ ನಿತ್ಯಕರ್ತವ್ಯವಾಗಿ ನಿಲ್ಲುವ ಗೌರವಕ್ಕೂ ಇರುವ ಅಂತರವು ಇದೇ. ವಿದ್ವಾಂಸನ ವಿಷಯದಲ್ಲಿ ಈ ನಿತ್ಯಪೂಜೆಯು ಯಾವುದೆಂಬುದನ್ನು ಇನ್ನು ವಿಚಾರಿಸಬೇಕು.

೫

ನರಸಿಂಹಾಚಾರ್ಯರು ಶ್ರೀರಂಗಪಟ್ಟಣದ ಸಮೀಪದ ಕೊಪ್ಪಲಿನಲ್ಲಿ ಜನಿಸಿದರು. ಸಂಸ್ಕೃತ, ಕನ್ನಡ, ತಮಿಳುಗಳಲ್ಲಿ ಸಮಾನವಾದ ಪಾಂಡಿತ್ಯವನ್ನು ಪಡೆದು, ಮದರಾಸು ವಿಶ್ವವಿದ್ಯಾಲಯದ ಎಂ. ಎ. ಪದವೀಧರರಾಗಿ, ೧೯೦೬ರಿಂದ ೧೯೨೨ರ ವರೆಗೆ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು. ಬಿ. ಎಲ್. ರೈಸರ ಅನಂತರ ಆ ಸ್ಥಾನಕ್ಕೆ ಬಂದವರು ಇವರೇ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಆಶ್ರಯದಲ್ಲಿ ೧೯೧೮ರಲ್ಲಿ ಧಾರವಾಡದಲ್ಲಿ ನೆರೆದ ನಾಲ್ಕನೆಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಆರಂಭವಾದ ಮಿಥಿಕ್ ಸೊಸೈಟಿಯ ತ್ರೈಮಾಸಿಕ ಪತ್ರಿಕೆಗೂ ಲೇಖನಗಳನ್ನಿತ್ತರು. ‘ಪ್ರಾಕ್ತನವಿಮರ್ಶವಿಚಕ್ಷಣ’ ಎಂಬುದು ಅವರಿಗೆ ಸಂದ ಬಿರುದು.

ಅವರ ಕೃತಿಗಳಲ್ಲಿ ಕಿರೀಟಪ್ರಾಯವಾದುದು ಕರ್ಣಾಟಕ ಕವಿಚರಿತೆ. ಮೊದಲನೆಯ ಸಂಪುಟವು ೧೯೦೭ರಲ್ಲಿಯೂ, ಎರಡನೆಯದು ೧೯೧೯ರಲ್ಲಿಯೂ, ಮೂರನೆಯದು ೧೯೨೯ರಲ್ಲಿಯೂ ಪ್ರಕಟವಾದುವು. ಮೊದಲ ಸಂಪುಟದಲ್ಲಿ ಸಹಕರ್ತೃಗಳಾಗಿದ್ದ ಎಸ್. ಜಿ. ನರಸಿಂಹಾಚಾರ್ಯರು ೧೯೦೭ರಲ್ಲಿಯೇ ಅಕಾಲಮರಣಕ್ಕೆ ಈಡಾದುದರಿಂದ ಉಳಿದ ಭಾರವನ್ನು ಇವರೊಬ್ಬರೇ ಹೊರಬೇಕಾಯಿತು. ಇದಕ್ಕೆ ಹಿಂದೆ ಕಿಟ್ಟೆಲರು ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯೊಡನೆಯೂ, ರೈಸರು ೧೮೮೪ರಲ್ಲಿ ಭಾಷಾಭೂಷಣದೊಡನೆಯೂ ಕನ್ನಡ ಸಾಹಿತ್ಯವನ್ನು ಕುರಿತ ಉಪೋದ್ಘಾತಗಳನ್ನು ಪ್ರಕಟಿಸಿದ್ದರು. ಆ ಕೆಲವು ಪುಟಗಳ ರೇಖಾಚಿತ್ರವು ಕವಿಚರಿತೆಯಲ್ಲಿ ಸಾವಿರಕ್ಕೂ ಮಿಕ್ಕ ಗ್ರಂಥಕರ್ತರ ವೃತ್ತಾಂತವಾಗಿ ಬೆಳೆಯಿತು.

ಕವಿಚರಿತೆಯ ಕ್ರಮವು ಸರಳವಾದುದು. ಕವಿಯ ಕಾಲ, ಮತ, ವಂಶ, ಗುರು, ಆಶ್ರಯದಾತ, ಬಿರುದುಗಳು, ಗ್ರಂಥಗಳು, ಅವುಗಳಿಂದ ಆಯ್ದ ಪದ್ಯಗಳು: ಇಷ್ಟನ್ನೂ ಮೂಲದ ಆಧಾರದೊಡನೆ ಕೊಡುವುದು. ಕಾಲವು ಗ್ರಂಥದಲ್ಲಿಯೇ ಹೇಳಿದ್ದರೆ ಸರಿ. ಇಲ್ಲದಿದ್ದರೆ ಈ ಕವಿಯು ಯಾರನ್ನು ಸ್ತುತಿಸುತ್ತಾನೆಂಬುದರಿಂದ ಹಿಂದಿನ ಎಲ್ಲೆಯನ್ನೂ, ಈತನನ್ನು ಯಾರು ಸ್ತುತಿಸುತ್ತಾರೆ ಅಥವಾ ಉದ್ಧರಿಸುತ್ತಾರೆಂಬುದರಿಂದ ಮುಂದಿನ ಎಲ್ಲೆಯನ್ನೂ ಗೊತ್ತುಮಾಡಿ, ಶಾಸನಗಳ ಸಾಕ್ಷ್ಯದಿಂದ ಅದನ್ನು ಬಿಗಿಗೊಳಿಸುವುದು. ಪೂರ್ವಕವಿಸ್ತುತಿಯೆಂಬ ಕಾವ್ಯಮರ್ಯಾದೆಯೇ ಇಲ್ಲಿ ಚರಿತ್ರೆಗೆ ಅಳತೆಗೋಲಾಯಿತು. ಗತಿಸಿದ ಕವಿಗಳಿಗೆ ನಂತರದವರು ಸಲ್ಲಿಸಿದ ಪರೋಕ್ಷವಿನಯವನ್ನೇ ಸಾಲಾಗಿ ಪೋಣಿಸಿ ಕವಿಚರಿತೆಯನ್ನು ಕಟ್ಟಿದರೆಂದರೆ ಹೆಚ್ಚಾಗಲಾರದು.

ಗ್ರಂಥವು ಸಿಕ್ಕದೆ ಹೆಸರು ಮಾತ್ರ ಉಳಿದ ಕವಿಗಳನ್ನೂ ಅವರು ಬಿಡಲಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ನಷ್ಟವಾಗಿವೆ. ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ ಮೊದಲಾದ ಸಂಕಲನಗಳಲ್ಲಿ ಬಿಡಿಪದ್ಯಗಳು ಮಾತ್ರ ದೊರೆಯುವುವು. ಅಂಥವನಿಗೂ ಕವಿಚರಿತೆಯಲ್ಲಿ ಸ್ಥಾನವುಂಟು. ದೇಹವಿಲ್ಲದ ಕವಿಗೆ ನಿಲ್ಲಿಸಿದ ನಿಸಿಧಿಯಂತಿದೆ ಆ ಪ್ರಕರಣ.

ಸೋಮನಾಥಪುರ (೧೯೧೭), ಬೇಲೂರು (೧೯೧೯), ದೊಡ್ಡಗದ್ದವಳ್ಳಿ (೧೯೧೯) ಎಂಬ ಮೂರು ಊರುಗಳ ದೇವಾಲಯಗಳನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಿಕೆಗಳಲ್ಲಿಯೂ ಇದೇ ಮನೋಧರ್ಮವು ಕಾಣುವುದು. ವಿಗ್ರಹಗಳ ಪೀಠದಲ್ಲಿ ಸಣ್ಣಕ್ಷರಗಳಲ್ಲಿ ಕೆತ್ತಿದ್ದ ಶಿಲ್ಪಿಗಳ ಹೆಸರುಗಳನ್ನು ಓದಿ ಅವರು ಬರೆದುಕೊಂಡರು. ಸೋಮನಾಥಪುರದ ಮಲ್ಲಿತಮ್ಮ, ಬೇಲೂರಿನಲ್ಲಿ ಕೆಲಸಮಾಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರು ನಮಗೆ ಬರಿಯ ‘ಹೊಯ್ಸಳ ಶಿಲ್ಪಿ’ಗಳಾಗಿ ಉಳಿಯದೆ ಹೆಸರುಳ್ಳ ಮನುಷ್ಯರಾದುದು ಇಂಥ ಓದಿನಿಂದ. ೧೯೨೩ರಲ್ಲಿ ಪ್ರಕಟವಾದ ಶಾಸನಪದ್ಯಮಂಜರಿಯಲ್ಲಿ ಕಲ್ಲಿನ ಮೇಲಿದ್ದ ಕನ್ನಡ ಪದ್ಯಗಳನ್ನು ಒಂದೆಡೆ ಸಂಗ್ರಹಿಸಿ, ಶಾಸನಕವಿಗಳನ್ನೂ ಕವಿಗಳ ಪಂಕ್ತಿಗೆ ತಂದರು. ಶ್ರೀವೈಷ್ಣವ ಕುಲದಲ್ಲಿ ಹುಟ್ಟಿದ ಇವರು ಜೈನ, ವೀರಶೈವ ಕವಿಗಳ ಗ್ರಂಥಗಳನ್ನು ಅಷ್ಟೇ ಆದರದಿಂದ ಶೋಧಿಸಿದುದೂ ಇಲ್ಲಿ ನೆನೆಯತಕ್ಕ ಸಂಗತಿ.

೬

ಇಂಥವರಿಗೆ ಸಲ್ಲತಕ್ಕ ನಿತ್ಯಪೂಜೆಯು ಯಾವುದು? ಇದಕ್ಕೆ ಉತ್ತರವನ್ನು ವ್ಯಾಕರಣಶಾಸ್ತ್ರದ ಪರಂಪರೆಯಲ್ಲಿ ಹುಡುಕಬಹುದು. ಪಾಣಿನಿಯು ಸೂತ್ರಗಳನ್ನು ರಚಿಸಿದನು. ಕಾತ್ಯಾಯನನು ಅವುಗಳ ಮೇಲೆ ವಾರ್ತಿಕವನ್ನು ಬರೆದನು. ಪತಂಜಲಿಯು ಎರಡನ್ನೂ ಪರಿಶೀಲಿಸಿ ಭಾಷ್ಯವನ್ನು ಮಾಡಿದನು. ವಾರ್ತಿಕದ ಲಕ್ಷಣವನ್ನು ಹೇಳುವವರು ಉಕ್ತ, ಅನುಕ್ತ, ದುರುಕ್ತ ಎಂಬ ಮೂರರ ವಿಚಾರವೇ ವಾರ್ತಿಕವೆನ್ನುತ್ತಾರೆ. ಅಂದರೆ ಮೂಲದಲ್ಲಿ ಹೇಳಿದುದು ಏನು, ಹೇಳದೆ ಬಿಟ್ಟುದು ಏನು, ಸರಿಯಾಗಿ ಹೇಳದೆ ಇದ್ದುದು ಏನು ಎಂಬುದರ ಚಿಂತನೆ. ಮೂವರು ಮುನಿಗಳಲ್ಲಿ ಮತಭೇದವಾದಲ್ಲಿ ಹಿಂದಿನವನಿಗಿಂತ ಮುಂದಿನವನ ಮಾತಿಗೆ ಹೆಚ್ಚಿನ ಪ್ರಾಮಾಣ್ಯವೆಂದು ವೈಯಾಕರಣರು ಒಪ್ಪಿದ್ದಾರೆ. ಹೀಗಿದ್ದರೂ ಪಾಣಿನಿಯ ಗೌರವಕ್ಕೆ ಎಳ್ಳಷ್ಟೂ ಕುಂದಾಗಲಿಲ್ಲ. ಕಾತ್ಯಾಯನನು ದೋಷವನ್ನು ತೋರಿಸಿದಲ್ಲಿ ಪತಂಜಲಿಯು ಮೊದಲು ಸೂತ್ರಕಾರನ ಪರವಾಗಿ ಸಮಾಧಾನವನ್ನು ಹುಡುಕುತ್ತಾನೆ. ಅದು ಸಾಧ್ಯವಾಗದಿದ್ದರೆ ಮಾತ್ರ ತಿದ್ದುಪಡಿಯನ್ನು ಒಪ್ಪುತ್ತಾನೆ. ಈ ಎಚ್ಚರವೇ ವಿನಯ.

ಈ ಮೂರು ಅಂಗಗಳನ್ನು ಕವಿಚರಿತೆಗೆ ಅನ್ವಯಿಸಿ ನೋಡಬಹುದು.

ಉಕ್ತವೆಂದರೆ ಅವರು ಹೇಳಿದುದನ್ನು ಅವರದೆಂದು ಹೇಳುವುದು. ಕವಿಚರಿತೆಯಿಂದ ಎತ್ತಿಕೊಂಡ ಸಂಗತಿಗಳು ಎಷ್ಟೋ ಪಠ್ಯಪುಸ್ತಕಗಳಲ್ಲಿ ಯಾರ ಹೆಸರೂ ಇಲ್ಲದೆ ಹರಿದಾಡುತ್ತಿವೆ. ಮೂಲವನ್ನು ಹೇಳದೆ ಬಳಸುವವನು ಋಣವನ್ನು ಪಡೆದು ಪತ್ರವನ್ನು ಸುಟ್ಟವನಂತೆ. ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದೂ, ಅವುಗಳಲ್ಲಿ ಋಷಿಋಣವು ಅಧ್ಯಯನದಿಂದಲೇ ತೀರುವುದೆಂದೂ ತೈತ್ತಿರೀಯ ಸಂಹಿತೆಯ ಅಭಿಪ್ರಾಯ. ಪಿತೃಋಣಕ್ಕೆ ಬೇರೆ ದಾರಿಯುಂಟು. ವಿದ್ಯೆಯನ್ನಿತ್ತವರ ಋಣವನ್ನು ತೀರಿಸುವುದಕ್ಕೆ ಓದುವುದು ಬಿಟ್ಟು ಅನ್ಯಮಾರ್ಗವಿಲ್ಲ.

ಅನುಕ್ತವೆಂದರೆ ಅವರ ಕಾಲದಲ್ಲಿ ದೊರೆಯದೆ ಇದ್ದುದನ್ನು ಸೇರಿಸುವುದು. ಕವಿಚರಿತೆಯ ಮೊದಲ ಸಂಪುಟವು ಹೊರಟಾಗ ವಚನವಾಙ್ಮಯದ ವಿಪುಲರಾಶಿಯು ತಾಡವೋಲೆಗಳಲ್ಲಿಯೇ ಉಳಿದಿತ್ತು, ಬಿಜಾಪುರದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ೧೯೨೩ರಲ್ಲಿ ಬೆಳಕಿಗೆ ಬಂದಿತು. ವಡ್ಡಾರಾಧನೆಯನ್ನು ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿ ೧೯೪೯ರಲ್ಲಿ ಪೂರ್ಣವಾಗಿ ಪ್ರಕಟಿಸಿದ ಮೇಲೆ ಪ್ರಾಚೀನ ಗದ್ಯದ ಸ್ವರೂಪವು ಸ್ಪಷ್ಟವಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತೆಲಂಗಾಣದ ಕುರಿಕ್ಯಾಲದ ಬಂಡೆಶಾಸನವು ವಿದ್ವಾಂಸರ ಗಮನಕ್ಕೆ ಬಂದು, ಪಂಪನಿಗೆ ಜಿನವಲ್ಲಭನೆಂಬ ತಮ್ಮನಿದ್ದನೆಂಬ ಸಂಗತಿಯನ್ನು ತಿಳಿಸಿತು. ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳ ಪದ್ಯಗಳುಳ್ಳ ಆ ಶಾಸನವನ್ನು ನೋಡಿದ್ದರೆ ನರಸಿಂಹಾಚಾರ್ಯರಿಗೆ ಎಷ್ಟು ಹರ್ಷವಾಗುತ್ತಿತ್ತೆಂಬುದನ್ನು ಅವರ ಗ್ರಂಥಗಳನ್ನು ಬಲ್ಲವರು ಊಹಿಸಬಲ್ಲರು. ಹಲ್ಮಿಡಿ ಶಾಸನದ ವಿಷಯವಂತೂ ಮನಸ್ಸನ್ನು ತಟ್ಟುವಂಥದು. ಕ್ರಿ. ಶ. ಸುಮಾರು ೪೫೦ರದೆಂದು ಎಣಿಸಲಾದ ಈ ಕನ್ನಡ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದುದು ೧೯೩೬ನೆಯ ಸಾಲಿನ ಇಲಾಖೆಯ ವರದಿಯಲ್ಲಿ. ನರಸಿಂಹಾಚಾರ್ಯರು ಅಸ್ತಂಗತರಾದುದೂ ಅದೇ ವರ್ಷ. ಅವರು ನಡೆಸಿಕೊಂಡು ಬಂದ ಇಲಾಖೆಯೇ ಅವರ ನಿರ್ಣಯಗಳಿಗೆ ಹಿಂದಿನ ಒಂದು ಅಧ್ಯಾಯವನ್ನು ಸೇರಿಸಿತು. ಇದಕ್ಕಿಂತ ಮೇಲಾದ ಸ್ಮಾರಕವು ಬೇರೊಂದಿಲ್ಲ.

ಕವಿಚರಿತೆಯು ಕವಿಗಳ ಚರಿತ್ರೆಯೇ ಹೊರತು ಕಾವ್ಯಗಳ ವಿಮರ್ಶೆಯಲ್ಲವೆಂಬ ಆಕ್ಷೇಪವೂ ಅನುಕ್ತದ ವರ್ಗಕ್ಕೇ ಸೇರತಕ್ಕದ್ದು. ಅಡಿಪಾಯವನ್ನು ಹಾಕಿದವನನ್ನು ಗೋಪುರವನ್ನೇಕೆ ಕಟ್ಟಲಿಲ್ಲವೆಂದು ಕೇಳುವುದು ನ್ಯಾಯವಲ್ಲ. ೧೯೫೩ರಲ್ಲಿ ಪ್ರಕಟವಾದ ರಂ. ಶ್ರೀ. ಮುಗಳಿಯವರ ಕನ್ನಡ ಸಾಹಿತ್ಯ ಚರಿತ್ರೆ ಮೊದಲಾದ ಗ್ರಂಥಗಳು ಕಾವ್ಯಗುಣಗಳ ವಿವೇಚನೆಗೆ ಕೈಯಿಕ್ಕುವುದು ಸಾಧ್ಯವಾದುದು ಕಾಲನಿರ್ಣಯದ ಕಗ್ಗಾಡನ್ನು ಇವರು ಮೊದಲೇ ಸವರಿದ್ದರಿಂದ.

ದುರುಕ್ತದ ವಿಚಾರವು ಸೂಕ್ಷ್ಮವಾದುದು. ಕೆ. ಬಿ. ಪಾಠಕರು ೧೮೯೮ರಲ್ಲಿ ಕವಿರಾಜಮಾರ್ಗವನ್ನು ಪ್ರಕಟಿಸಿದಾಗ ಅದನ್ನು ನೃಪತುಂಗನ ಕೃತಿಯೆಂದೇ ಕರೆದರು. ಆ ಕಾಲದಲ್ಲಿ ಪ್ರಬಲವಾಗಿದ್ದ ಮತವೂ ಅದೇ. ಆಮೇಲೆ ನಡೆದ ದೀರ್ಘಚರ್ಚೆಯ ಫಲವಾಗಿ, ನೃಪತುಂಗನ ಆಸ್ಥಾನದ ಶ್ರೀವಿಜಯನೇ ಗ್ರಂಥಕರ್ತೃವೆಂಬ ಅಭಿಪ್ರಾಯವು ಇಂದು ಬಹುಮಟ್ಟಿಗೆ ಅಂಗೀಕೃತವಾಗಿದೆ. ಹೀಗೆಯೇ ಎಷ್ಟೋ ಕವಿಗಳ ಕಾಲವು ಹತ್ತಿಪ್ಪತ್ತು ವರ್ಷಗಳಷ್ಟೋ, ಕೆಲವೆಡೆ ಶತಮಾನದಷ್ಟೋ ಹಿಂದುಮುಂದಾಗಿದೆ. ಇಂಥಲ್ಲಿ ಎರಡು ಬಗೆಯ ಅಪಚಾರಗಳು ನಡೆಯುವುದುಂಟು. ಹಿರಿಯರು ಹೇಳಿದುದೆಂಬ ಒಂದೇ ಕಾರಣದಿಂದ ಹಳೆಯ ನಿರ್ಣಯವನ್ನು ಬಿಡದೆ ಹಿಡಿಯುವುದು ಒಂದು. ಒಂದು ತಪ್ಪು ಕಂಡೊಡನೆ ಇಡೀ ಗ್ರಂಥವೇ ಹಳತಾಯಿತೆಂದು ತಳ್ಳಿಹಾಕುವುದು ಇನ್ನೊಂದು. ಮೊದಲನೆಯದು ಭಕ್ತಿಯ ಹೆಸರಿನ ಆಲಸ್ಯ. ಎರಡನೆಯದು ನೂತನತೆಯ ಹೆಸರಿನ ಅಹಂಕಾರ. ಎರಡರಲ್ಲಿಯೂ ಮೂಲವನ್ನು ಓದುವ ಶ್ರಮವು ತಪ್ಪುವುದರಿಂದ ಎರಡೂ ಒಂದೇ.

ತಿದ್ದುವುದಕ್ಕೆ ನರಸಿಂಹಾಚಾರ್ಯರೇ ದಾರಿಯನ್ನು ತೋರಿಸಿದ್ದಾರೆ. ಮೊದಲ ಸಂಪುಟವನ್ನು ಪರಿಷ್ಕರಿಸಿ ೧೯೨೪ರಲ್ಲಿ ಪುನಃ ಪ್ರಕಟಿಸಿದರು. ಹದಿನೇಳು ವರ್ಷಗಳಲ್ಲಿ ದೊರೆತ ಸಾಮಗ್ರಿಯು ಅದನ್ನು ಬೇಡಿತು. ಶ್ರವಣಬೆಳ್ಗೊಳದ ಶಾಸನಗಳ ವಿಷಯದಲ್ಲಿಯೂ ಹೀಗೆಯೇ. ರೈಸರ ೧೮೮೯ರ ಸಂಪುಟದಲ್ಲಿ ೧೪೪ ಶಾಸನಗಳಿದ್ದುವು. ನರಸಿಂಹಾಚಾರ್ಯರು ೧೯೨೩ರಲ್ಲಿ ಪ್ರಕಟಿಸಿದ ಪರಿಷ್ಕೃತ ಸಂಪುಟದಲ್ಲಿ ೫೦೦ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಹೊರತಂದ ಸಂಪುಟದಲ್ಲಿ ಅವು ೫೭೩ ಆದುವು. ೧೪೪, ೫೦೦, ೫೭೩ ಎಂಬ ಈ ಮೂರು ಸಂಖ್ಯೆಗಳೇ ಒಂದು ಗುರುಪರಂಪರೆ. ಹಿಂದಿನ ಸಂಪಾದಕರ ಕೆಲಸವನ್ನು ಅಳಿಸಿದವರು ಇಲ್ಲಿ ಯಾರೂ ಇಲ್ಲ. ಅದು ಪೂರ್ಣವೆಂದು ಕೈಕಟ್ಟಿ ಕುಳಿತವರೂ ಇಲ್ಲ.

೭

ನರಸಿಂಹಾಚಾರ್ಯರಂಥ ಪ್ರಖ್ಯಾತರ ಗ್ರಂಥಗಳು ಅಚ್ಚಾಗಿ ಉಳಿದಿವೆ. ಕನ್ನಡ ಸಾಹಿತ್ಯದ ಇತಿಹಾಸವನ್ನು ಕುರಿತ ಅವರ ಇಂಗ್ಲಿಷ್ ಉಪನ್ಯಾಸಗಳನ್ನು ಮೈಸೂರು ವಿಶ್ವವಿದ್ಯಾಲಯವು ಅವರ ಕಾಲಾನಂತರ, ೧೯೪೦ರಲ್ಲಿ, ಪುಸ್ತಕರೂಪದಲ್ಲಿ ಹೊರಗೆಡವಿತು. ಆದರೆ ಊರೂರುಗಳ ಸಂಶೋಧನ ಮಂಡಲಿಗಳಲ್ಲಿ ನಾಲ್ವತ್ತು ಐವತ್ತು ವರ್ಷ ದುಡಿದು, ಒಂದೆರಡು ಲೇಖನಗಳನ್ನು ಮಾತ್ರ ಅಚ್ಚುಮಾಡಿಸಿ, ಉಳಿದ ತಿಳಿವಳಿಕೆಯನ್ನೆಲ್ಲ ಟಿಪ್ಪಣಿಯ ಪುಸ್ತಕಗಳಲ್ಲಿಯೂ ನೆನಪಿನಲ್ಲಿಯೂ ಇಟ್ಟುಕೊಂಡಿದ್ದು ಗತಿಸುವ ಹಿರಿಯ ಸದಸ್ಯರು ಬಹುಮಂದಿ. ಯಾವ ಹೊಲದ ಬದುವಿನಲ್ಲಿ ಯಾವ ಮಾಸ್ತಿಕಲ್ಲಿದೆ, ಯಾವ ಮಠದ ಅಟ್ಟದ ಮೇಲೆ ಎಷ್ಟು ಓಲೆಗರಿಯ ಕಟ್ಟುಗಳಿವೆ, ಯಾವ ಶಾಸನವು ದೇವಾಲಯದ ಜೀರ್ಣೋದ್ಧಾರದಲ್ಲಿ ಸುಣ್ಣದ ಕೆಳಗೆ ಹೋಯಿತು ಎಂಬುದನ್ನು ಬಲ್ಲವರು ಅವರೊಬ್ಬರೇ ಆಗಿರುತ್ತಾರೆ. ನಷ್ಟವು ನಿಜವಾಗಿ ಸಂಭವಿಸುವುದು ಇಲ್ಲಿ. ಮರಣದಿಂದ ಆದ ನಷ್ಟವನ್ನು ಯಾರೂ ತಡೆಯಲಾರರು. ಮರಣದ ಮುಂದಿನ ವರ್ಷದಲ್ಲಿ ಆಗುವ ನಷ್ಟವನ್ನು ತಡೆಯಬಹುದು.

ಆದುದರಿಂದ ಸಂಸ್ಥೆಗಳು ಇಂಥ ಪ್ರಸಂಗದಲ್ಲಿ ಮಾಡತಕ್ಕ ಕೆಲಸಗಳನ್ನು ನಿಸಿಧಿಶಾಸನದ ಅಂಗಗಳಂತೆಯೇ ಗೊತ್ತುಮಾಡಿಕೊಳ್ಳುವುದು ಯುಕ್ತ. ಮೊದಲನೆಯದು, ಗತಿಸಿದವರ ಜನನ, ವಿದ್ಯಾಭ್ಯಾಸ, ಗುರುಗಳು, ಸೇವಾಕಾಲ, ಮರಣ ಇವುಗಳ ಕಾಲಸಹಿತವಾದ ನಿರೂಪಣೆ. ಅದು ಅವರನ್ನು ಕಂಡವರು ಬದುಕಿರುವಾಗಲೇ ಆಗಬೇಕು. ಎರಡನೆಯದು, ಅವರ ಮುದ್ರಿತ ಹಾಗೂ ಅಮುದ್ರಿತ ಬರಹಗಳ ಪಟ್ಟಿ. ಪತ್ರಿಕೆಗಳಲ್ಲಿ ಚದರಿಹೋದ ಸಣ್ಣ ಟಿಪ್ಪಣಿಗಳನ್ನೂ ಬಿಡತಕ್ಕದ್ದಲ್ಲ. ಮೂರನೆಯದು, ಮನೆಯವರ ಅನುಮತಿಯನ್ನು ಪಡೆದು ಟಿಪ್ಪಣಿಗಳು, ಶಾಸನಗಳ ಮಸಿಯಚ್ಚುಗಳು, ಓಲೆಯ ಪ್ರತಿಗಳು, ವಿದ್ವಾಂಸರೊಡನೆ ನಡೆಸಿದ ಪತ್ರವ್ಯವಹಾರ ಇವುಗಳನ್ನು ಸಂಸ್ಥೆಯ ಭಂಡಾರಕ್ಕೆ ತಂದು, ಯಾದಿಯನ್ನು ಬರೆಯಿಸುವುದು. ಕುಟುಂಬದವರು ಮೂಲವನ್ನು ಕೊಡಲೊಪ್ಪದಿದ್ದರೆ ಛಾಯಾಪ್ರತಿಯನ್ನಾದರೂ ಪಡೆಯುವುದು. ಇಂದಿನ ಯಂತ್ರಸೌಕರ್ಯದಿಂದ ಇದು ಹಿಂದಿನಷ್ಟು ವ್ಯಯಸಾಧ್ಯವಾದ ಕೆಲಸವಲ್ಲ. ನಾಲ್ಕನೆಯದು, ಅವರ ಮುಖ್ಯ ನಿರ್ಣಯಗಳನ್ನು ಉಕ್ತ, ಅನುಕ್ತ, ದುರುಕ್ತಗಳ ಕ್ರಮದಿಂದ ವಿಚಾರಿಸುವ ಲೇಖನವೊಂದನ್ನು ಆ ವಿಷಯವನ್ನು ಬಲ್ಲವರಿಂದ ಬರೆಯಿಸುವುದು.

ಈ ನಾಲ್ಕನೆಯದಕ್ಕೆ ಅನೇಕರು ಹಿಂಜರಿಯುವರು. ಸತ್ತವರ ತಪ್ಪನ್ನು ಎತ್ತಿ ಆಡಬಾರದೆಂಬ ಲೋಕಮರ್ಯಾದೆಯು ಅಡ್ಡ ಬರುವುದು. ವ್ಯಕ್ತಿಯ ನಡತೆಯ ವಿಷಯದಲ್ಲಿ ಆ ಮರ್ಯಾದೆಯು ಯೋಗ್ಯವೇ ಸರಿ. ಆದರೆ ನಿರ್ಣಯಗಳು ವ್ಯಕ್ತಿಯ ಸೊತ್ತಲ್ಲ. ಅವುಗಳನ್ನು ಪ್ರಕಟಿಸಿದ ದಿನವೇ ಅವು ಶಾಸ್ತ್ರಕ್ಕೆ ಒಪ್ಪಿಸಲ್ಪಟ್ಟುವು. ಒಂದು ತೇದಿಯ ದೋಷವನ್ನು ಗೌರವದ ನೆವದಿಂದ ಮುಚ್ಚಿಟ್ಟರೆ, ಅದೇ ದೋಷವನ್ನು ಮುಂದೆ ಅನ್ಯನೊಬ್ಬನು ನಿಷ್ಕರುಣೆಯಿಂದ ತೋರಿಸುವನು; ಆಗ ಉಳಿದ ಒಳ್ಳೆಯ ನಿರ್ಣಯಗಳ ಮೇಲೂ ಸಂದೇಹವು ಬೀಳುವುದು. ಪ್ರೀತಿಯುಳ್ಳವರು ತಿದ್ದಿದರೆ ಹಿರಿಯರ ಆಧಾರಗಳು, ಅವರಿಗೆ ದೊರೆತಿದ್ದ ಸಾಮಗ್ರಿಯ ಮಿತಿ, ಅಷ್ಟರಲ್ಲಿಯೇ ಅವರು ಎಷ್ಟು ದೂರ ಕಂಡರೆಂಬುದು ಎಲ್ಲವೂ ಜೊತೆಯಲ್ಲಿಯೇ ತಿಳಿಯಬರುವುದು. ತಿದ್ದುವವನು ಹಿಂದಿನವರ ಪಾಠವನ್ನು ಅಳಿಸದೆ ಉಳಿಸಿ, ತನ್ನ ಪಾಠಕ್ಕೆ ಕಾರಣವನ್ನು ಕೊಟ್ಟು, ಅವರ ಪಕ್ಷಕ್ಕೆ ಇರಬಹುದಾದ ಸಮಾಧಾನವನ್ನೂ ತಾನೇ ಹೇಳಬೇಕು. ಪತಂಜಲಿಯು ಹಾಕಿಕೊಟ್ಟ ಮೇಲ್ಪಂಕ್ತಿ ಇದು.

ಅಧ್ಯಾಪಕರಾದವರು ಇದನ್ನು ತರಗತಿಯಲ್ಲಿಯೇ ಮಾಡಬಹುದು. ಕವಿಚರಿತೆಯ ಒಂದು ಪ್ರಕರಣವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅಲ್ಲಿ ಕಾಲನಿರ್ಣಯಕ್ಕೆ ಯಾವ ಆಧಾರಗಳನ್ನು ಬಳಸಿದೆ, ಆ ಬಳಿಕ ಯಾವ ಶಾಸನವು ಅಥವಾ ಗ್ರಂಥವು ದೊರೆತಿದೆ, ಅದರಿಂದ ಏನು ವ್ಯತ್ಯಾಸವಾಗುವುದೆಂದು ಕೇಳಿದರೆ ಅದೇ ವಾರ್ತಿಕದ ಅಭ್ಯಾಸ. ಕವಿಯ ಕಾಲವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಪರೀಕ್ಷೆಯ ಮರುದಿನ ಅದನ್ನು ಮರೆಯುವನು. ಆ ಕಾಲವನ್ನು ಕಂಡುಹಿಡಿದ ದಾರಿಯಲ್ಲಿ ಒಮ್ಮೆ ನಡೆದವನು ಮರೆಯಲಾರನು.

ನಿಸಿಧಿಗಳ ಸಾಲು ಚಂದ್ರಗಿರಿಯ ಬಂಡೆಗಳ ಮೇಲೆ ಇಂದಿಗೂ ಇದೆ. ಗಾಳಿ ಮಳೆಗಳಿಂದ ಅಕ್ಷರಗಳು ಸವೆಯುತ್ತಲೂ ಇವೆ. ಅವುಗಳನ್ನು ಉಳಿಸಿದುದು ಕಲ್ಲಿನ ಗಟ್ಟಿತನವೊಂದೇ ಅಲ್ಲ. ಒಬ್ಬರಾದ ಮೇಲೊಬ್ಬರು ಬಂದು ಓದಿ, ಹಿಂದಿನವರ ಓದನ್ನು ಸರಿನೋಡಿ, ಬರೆದಿಟ್ಟವರ ಶ್ರದ್ಧೆ. ವಿದ್ವಾಂಸರ ಸ್ಮರಣೆಗೂ ಇದೇ ನ್ಯಾಯ. ಓದುವವರಿರುವ ವರೆಗೆ ಅವರು ಪರೋಕ್ಷರು ಮಾತ್ರ. ಓದುವವರಿಲ್ಲದ ದಿನ ಗತಿಸಿದವರಾಗುವರು.